ಸಣ್ಣ ಕಚೇರಿಯ ವಾಯ್ಸ್‌ಮೇಲ್ ಇಮೇಲಿಗೆ ಬರಬೇಕಾದರೆ: ಯಾವ ವ್ಯವಸ್ಥೆ ಯಾರಿಗೆ ಹೊಂದುತ್ತದೆ

ಕಚೇರಿಯ ವೇಳೆ ಮುಗಿದ ಮೇಲೆ ಬಂದ ಕರೆಯನ್ನು ಫೋನ್ ವ್ಯವಸ್ಥೆಯೇ ಎತ್ತಿಕೊಂಡು, ಕರೆ ಮಾಡಿದವರ ಮಾತನ್ನು ಮುದ್ರಿಸಿಕೊಂಡು, ಆ ಧ್ವನಿಯ ಕಡತವನ್ನು ಸಂಬಂಧಪಟ್ಟವರ ಇಮೇಲಿಗೆ ರವಾನಿಸುವ ಸೌಲಭ್ಯವು ಈಗ ದೊಡ್ಡ ಕಂಪನಿಗಳಿಗಷ್ಟೇ ಮೀಸಲಾಗಿ ಉಳಿದಿಲ್ಲ. ಎಂಟು ಹತ್ತು ಎಕ್ಸ್‌ಟೆನ್ಷನ್‌ಗಳಿರುವ ಲೆಕ್ಕಪರಿಶೋಧಕರ ಕಚೇರಿ, ವಕೀಲರ ಕಚೇರಿ, ಹೊರದೇಶದ ಗ್ರಾಹಕರೊಂದಿಗೆ ವ್ಯವಹರಿಸುವ ಸಣ್ಣ ರಫ್ತು ಸಂಸ್ಥೆ, ಇಂಥವರೆಲ್ಲ ಅದನ್ನು ಹೆಚ್ಚು ಖರ್ಚಿಲ್ಲದೆ ಅಳವಡಿಸಿಕೊಳ್ಳಬಹುದು. ಮಿಸ್ಡ್ ಕಾಲ್ ಕೊಟ್ಟರೆ ತಿರುಗಿ ಕರೆಯುತ್ತಾರೆ ಎಂಬ ರೂಢಿ ಬೇರೂರಿರುವ ನಮ್ಮಲ್ಲಿ ಬೀಪ್ ಕೇಳಿದ ಮೇಲೆ ಮಾತನಾಡಲು ಹಿಂಜರಿಯುವವರೇ ಹೆಚ್ಚು ಎಂಬುದು ನಿಜ. ಆದರೆ ಮಾತನಾಡಿ ಸಂದೇಶ ಬಿಡುವ ಆ ಕೆಲವರು ಬಹುಮಟ್ಟಿಗೆ ತುರ್ತಿನ ಕೆಲಸವಿರುವವರು ಅಥವಾ ಬೇರೆ ಕಾಲವಲಯದಲ್ಲಿರುವವರು ಆಗಿರುವುದರಿಂದ, ಅವರ ಮಾತು ಕಳೆದುಹೋದರೆ ಆಗುವ ನಷ್ಟವೂ ದೊಡ್ಡದೇ.

ಈ ವ್ಯವಸ್ಥೆಯನ್ನು ಆರಿಸುವಾಗ ಚರ್ಚೆಯೆಲ್ಲ ಯಾವ ಫೋನ್ ಪೆಟ್ಟಿಗೆ ಕೊಳ್ಳಬೇಕು ಎಂಬುದರ ಸುತ್ತಲೇ ನಡೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ಅದು ಎರಡನೆಯ ಪ್ರಶ್ನೆ. ಇಮೇಲ್ ಹೋಗುವುದು ಒಂದು ದಿನ ನಿಂತುಬಿಟ್ಟರೆ ಅದು ಯಾರಿಗೆ, ಎಷ್ಟು ಬೇಗ ತಿಳಿಯುತ್ತದೆ ಎಂಬುದು ಮೊದಲ ಪ್ರಶ್ನೆ. ಫೋನ್ ಕೆಟ್ಟರೆ ತಕ್ಷಣ ಗೊತ್ತಾಗುತ್ತದೆ, ಇಂಟರ್ನೆಟ್ ಹೋದರೆ ಎಲ್ಲರೂ ದೂರುತ್ತಾರೆ. ಆದರೆ ವಾಯ್ಸ್‌ಮೇಲ್ ಇಮೇಲಿಗೆ ಬರುವುದು ನಿಂತಾಗ ಸದ್ದೇ ಇರುವುದಿಲ್ಲ: ಕರೆ ಮಾಡಿದವರಿಗೆ ಬೀಪ್ ಎಂದಿನಂತೆ ಕೇಳುತ್ತದೆ, ಅವರು ಸಂದೇಶ ಬಿಟ್ಟು ಉತ್ತರಕ್ಕೆ ಕಾಯುತ್ತಾರೆ, ಇತ್ತ ಕಚೇರಿಯವರು ಇವತ್ತು ಯಾರೂ ಕರೆದಿಲ್ಲ ಎಂದುಕೊಂಡಿರುತ್ತಾರೆ. ಮುಂದೆ ಹೇಳುವ ಪ್ರತಿಯೊಂದು ಆಯ್ಕೆಯನ್ನೂ ಈ ಒಂದು ಅಳತೆಗೋಲಿನಿಂದಲೇ ನೋಡಲಾಗಿದೆ.

ಫೋನ್ ವ್ಯವಸ್ಥೆಯ ಆಯ್ಕೆ

ಹಲವು ಕಚೇರಿಗಳಲ್ಲಿ ಈಗಲೂ ಇರುವುದು ಹಳೆಯ ಅನಲಾಗ್ ಇಪಿಎಬಿಎಕ್ಸ್, ಅಂದರೆ ಹೊರಗಿನ ಲೈನುಗಳನ್ನು ಒಳಗಿನ ಎಕ್ಸ್‌ಟೆನ್ಷನ್‌ಗಳಿಗೆ ಹಂಚುವ ಪೆಟ್ಟಿಗೆ. ಪ್ಯಾನಸೋನಿಕ್ ಕಂಪನಿಯ ಟಿಇಎಸ್ 824 ಮಾದರಿಯನ್ನೇ ತೆಗೆದುಕೊಳ್ಳಿ. ಮೂರು ಲೈನ್ ಮತ್ತು ಎಂಟು ಎಕ್ಸ್‌ಟೆನ್ಷನ್‌ಗಳಿಂದ ಆರಂಭವಾಗುವ ಈ ಪೆಟ್ಟಿಗೆ ವರ್ಷಗಟ್ಟಲೆ ತಕರಾರಿಲ್ಲದೆ ದುಡಿಯುತ್ತದೆ, ಒಂದು ಕಾರ್ಡ್ ಸೇರಿಸಿದರೆ ಸಂದೇಶಗಳನ್ನು ಮುದ್ರಿಸಿಕೊಳ್ಳುತ್ತದೆ, ಆದರೆ ಅದಕ್ಕೆ ನೆಟ್‌ವರ್ಕ್ ಸಂಪರ್ಕವೇ ಇಲ್ಲದಿರುವುದರಿಂದ ಇಮೇಲ್ ಕಳುಹಿಸುವ ಮಾತೇ ಬರುವುದಿಲ್ಲ. ಹಾಗೆಂದು ಅದನ್ನು ಕಿತ್ತೆಸೆಯಬೇಕಾಗಿಲ್ಲ. ಅದರ ಒಂದು ಎಕ್ಸ್‌ಟೆನ್ಷನ್ ತಂತಿಯನ್ನು ನೆಟ್‌ವರ್ಕಿಗೆ ಜೋಡಿಸಬಹುದಾದ ಹೊಸ ಐಪಿ ಪೆಟ್ಟಿಗೆಯೊಂದರ ಲೈನ್ ಪೋರ್ಟಿಗೆ ಜೋಡಿಸಿ, ಯಾರೂ ಎತ್ತದ ಕರೆಗಳೆಲ್ಲ ಆ ಎಕ್ಸ್‌ಟೆನ್ಷನ್ನಿಗೆ ಹೋಗುವಂತೆ ಮಾಡಿದರೆ, ಹೊಸ ಪೆಟ್ಟಿಗೆ ಸಂದೇಶ ಮುದ್ರಿಸಿ ಇಮೇಲ್ ಮಾಡುತ್ತದೆ. ಕರೆ ಯಾರಿಗಾಗಿ ಬಂದಿತ್ತು ಎಂಬುದು ಹೊಸ ಪೆಟ್ಟಿಗೆಗೆ ತಿಳಿಯದೆ ಎಲ್ಲ ಸಂದೇಶಗಳೂ ಒಂದೇ ಸಾಮಾನ್ಯ ವಾಯ್ಸ್‌ಮೇಲ್ ಖಾತೆಗೆ ಬೀಳುವುದು ಇದರ ಕೊರತೆ. ಐದಾರು ಜನರ ಕಚೇರಿಗೆ ಅದೇನೂ ದೊಡ್ಡ ಕೊರತೆಯಲ್ಲ.

ಎರಡನೆಯದು ಕಂಪ್ಯೂಟರನ್ನೇ ಫೋನ್ ಪೆಟ್ಟಿಗೆಯಾಗಿ ಮಾಡುವ ಆಸ್ಟರಿಸ್ಕ್. 1999ರಲ್ಲಿ ಮಾರ್ಕ್ ಸ್ಪೆನ್ಸರ್ ಆರಂಭಿಸಿದ ಈ ಮುಕ್ತ ತಂತ್ರಾಂಶವನ್ನು ಬ್ರೌಸರ್ ಮೂಲಕ ನಿರ್ವಹಿಸಲು ಫ್ರೀಪಿಬಿಎಕ್ಸ್ ಎಂಬ ಮೇಲ್ಪದರವಿದೆ. ಇಂದು ಎರಡರ ಹಿಂದೆಯೂ ಇರುವುದು ಸಾಂಗೋಮಾ ಕಂಪನಿ. ತಂತ್ರಾಂಶಕ್ಕೆ ಹಣ ಕೊಡಬೇಕಾಗಿಲ್ಲ, ಹಳೆಯ ಕಂಪ್ಯೂಟರೊಂದು ಸಾಕಾಗುತ್ತದೆ, ಮತ್ತು ವಾಯ್ಸ್‌ಮೇಲಿನ ಪ್ರತಿಯೊಂದು ವರ್ತನೆಯನ್ನೂ ನಮಗೆ ಬೇಕಾದಂತೆ ಬದಲಿಸಿಕೊಳ್ಳಬಹುದು. ಆದರೆ ಅದನ್ನು ನೋಡಿಕೊಳ್ಳಲು ಲಿನಕ್ಸ್ ಬಲ್ಲವರೊಬ್ಬರು ಕಚೇರಿಯಲ್ಲೋ ಕರೆದರೆ ಬರುವಷ್ಟು ಹತ್ತಿರದಲ್ಲೋ ಇರಲೇಬೇಕು. ಫ್ರೀಪಿಬಿಎಕ್ಸಿನ ಹಳೆಯ ಆವೃತ್ತಿಗಳು ನಿಂತಿದ್ದ ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಬಗೆಗೆ 2024ರ ಜೂನ್ 30ರಂದು ಬೆಂಬಲ ಮುಗಿಯಿತು, 17ನೆಯ ಆವೃತ್ತಿ ಡೆಬಿಯನ್ ಎಂಬ ಇನ್ನೊಂದು ಬಗೆಗೆ ಬದಲಾಯಿತು. ಹೀಗಾಗಿ ಯಾರೋ ಬಹಳ ಹಿಂದೆ ಹಾಕಿಕೊಟ್ಟು ಹೋದ ಸರ್ವರ್ ಇನ್ನೂ ನಡೆಯುತ್ತಿದೆ ಎಂಬುದು ನೆಮ್ಮದಿಯ ವಿಷಯವಲ್ಲ. 2025ರ ಆಗಸ್ಟಿನಲ್ಲಿ ಇದರ ಒಂದು ಮಾಡ್ಯೂಲಿನ ಗಂಭೀರ ದೋಷವನ್ನು ಬಳಸಿ, ನಿರ್ವಹಣಾ ಪುಟ ಇಂಟರ್ನೆಟ್ಟಿಗೆ ತೆರೆದಿದ್ದ ಸರ್ವರುಗಳ ಮೇಲೆ ದಾಳಿ ನಡೆದಿತ್ತು. ಆ ಪುಟವು ಕಚೇರಿಯ ಒಳಗಿನ ನೆಟ್‌ವರ್ಕಿನಿಂದ ಮಾತ್ರ ತೆರೆಯುವಂತಿರಬೇಕು ಎಂಬುದರಲ್ಲಿ ರಾಜಿಯಿಲ್ಲ.

ಮೂರನೆಯದು ಸಿದ್ಧ ಐಪಿ ಪೆಟ್ಟಿಗೆ. ಗ್ರಾಂಡ್‌ಸ್ಟ್ರೀಮ್ ಕಂಪನಿಯ ಯುಸಿಎಂ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಒಳಗಿರುವುದು ಆಸ್ಟರಿಸ್ಕ್‌ನ ವಂಶದ ತಂತ್ರಾಂಶವೇ ಆದರೂ ಕಮಾಂಡ್ ಬರೆಯುವ ಪ್ರಮೇಯವಿಲ್ಲ. ಇಮೇಲ್ ಸೆಟ್ಟಿಂಗಿನಲ್ಲಿ ಪೆಟ್ಟಿಗೆ ತಾನೇ ನೇರವಾಗಿ ಕಳುಹಿಸಬೇಕೇ ಅಥವಾ ಬೇರೊಂದು ಮೇಲ್ ಸರ್ವರಿಗೆ ಲಾಗಿನ್ ಆಗಿ ಕಳುಹಿಸಬೇಕೇ ಎಂಬ ಎರಡು ಆಯ್ಕೆಗಳಿವೆ, ಕಳುಹಿಸಿದ ಇಮೇಲುಗಳ ದಾಖಲೆಯ ಪುಟವೂ ಇದೆ. ನಾನು ಆರಂಭದಲ್ಲಿ ಹೇಳಿದ ಅಳತೆಗೋಲಿನಿಂದ ನೋಡಿದರೆ ಈ ದಾಖಲೆಯ ಪುಟಕ್ಕೆ ಬಹಳ ಬೆಲೆಯಿದೆ, ಏಕೆಂದರೆ ಇಮೇಲ್ ಹೋಯಿತೋ ತಿರಸ್ಕೃತವಾಯಿತೋ ಎಂಬುದನ್ನು ಕಚೇರಿಯ ಸಾಮಾನ್ಯ ಗುಮಾಸ್ತರೂ ತೆರೆದು ನೋಡಬಹುದು. ಲಿನಕ್ಸ್ ಬಲ್ಲವರಿಲ್ಲದ ಕಚೇರಿಗೆ ನಾನು ಇದನ್ನೇ ಸೂಚಿಸುತ್ತೇನೆ.

ನಾಲ್ಕನೆಯದು ಕ್ಲೌಡ್ ಟೆಲಿಫೋನಿ. ಬೆಂಗಳೂರಿನ ಎಕ್ಸೋಟೆಲ್, ಹೈದರಾಬಾದಿನ ಓಜೋನ್‌ಟೆಲ್ ಮೊದಲಾದ ಕಂಪನಿಗಳು ಒಂದು ಸಂಖ್ಯೆಯನ್ನು ಕೊಟ್ಟು, ಕರೆಯ ಹರಿವನ್ನೆಲ್ಲ ತಮ್ಮ ಸರ್ವರಿನಲ್ಲೇ ನಡೆಸುತ್ತವೆ. ಇಂಥ ಸೇವೆಗಳಲ್ಲಿ ಇಮೇಲ್ ತಲುಪಿಸುವ ಹೊಣೆ ಸೇವಾದಾತರದ್ದಾಗಿರುತ್ತದೆ, ಕಚೇರಿಯಲ್ಲಿ ಕರೆಂಟ್ ಹೋದರೂ ಸಂದೇಶ ಮುದ್ರಣವಾಗುತ್ತದೆ; ಅದಕ್ಕೆ ಪ್ರತಿಯಾಗಿ ತಿಂಗಳ ಬಾಡಿಗೆ ತಪ್ಪುವುದಿಲ್ಲ ಮತ್ತು ಗ್ರಾಹಕರ ಧ್ವನಿ ಕಡತಗಳು ಹೊರಗಿನವರ ಬಳಿ ಇರುತ್ತವೆ. ಹಲವು ವರ್ಷಗಳಿಂದ ಗ್ರಾಹಕರ ಬಾಯಲ್ಲಿರುವ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಬಿಡಲಾಗದ ಕಚೇರಿಯವರು ಆ ಸಂಖ್ಯೆಯಿಂದ ಹೊಸ ಸಂಖ್ಯೆಗೆ ಕಾಲ್ ಫಾರ್ವರ್ಡ್ ಹಾಕಿಸಬೇಕಾಗುತ್ತದೆ. ಇಮೇಲಿನಲ್ಲಿ ಧ್ವನಿ ಕಡತವೇ ಬರುತ್ತದೆಯೋ ಅಥವಾ ಕೊಂಡಿ ಮಾತ್ರ ಬರುತ್ತದೆಯೋ, ಕೊಂಡಿಯಾದರೆ ಅದು ಎಷ್ಟು ದಿನ ತೆರೆಯುತ್ತದೆ, ಲಾಗಿನ್ ಕೇಳುತ್ತದೆಯೇ ಎಂಬುದನ್ನು ಒಪ್ಪಂದಕ್ಕೆ ಮೊದಲೇ ಬರಹದಲ್ಲಿ ಕೇಳಿಕೊಳ್ಳುವುದು ಒಳ್ಳೆಯದು.

ಇಮೇಲ್ ಹೊರಹೋಗುವ ದಾರಿ

ತೊಂದರೆಯ ಬಹುಪಾಲು ಇರುವುದು ಇಲ್ಲಿ. ಆಸ್ಟರಿಸ್ಕ್ ತಾನೇ ಇಮೇಲ್ ಕಳುಹಿಸುವುದಿಲ್ಲ; ಸಂದೇಶವನ್ನು ಸಿದ್ಧಪಡಿಸಿ ಅದೇ ಕಂಪ್ಯೂಟರಿನಲ್ಲಿರುವ ಮೇಲ್ ತಂತ್ರಾಂಶದ ಕೈಗೆ, ಸಾಮಾನ್ಯವಾಗಿ ಪೋಸ್ಟ್‌ಫಿಕ್ಸ್‌ನ ಕೈಗೆ, ಒಪ್ಪಿಸುತ್ತದೆ. ಒಪ್ಪಿಸಿದ ಗಳಿಗೆಯಲ್ಲೇ ಅದರ ಮಟ್ಟಿಗೆ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಏನಾಯಿತೆಂಬುದು ಫೋನ್ ವ್ಯವಸ್ಥೆಗೆ ತಿಳಿಯುವುದಿಲ್ಲ. ಪೋಸ್ಟ್‌ಫಿಕ್ಸ್ ಆ ಇಮೇಲನ್ನು ತಾತ್ಕಾಲಿಕ ಅಡಚಣೆಯಿಂದ ತಲುಪಿಸಲಾಗದಿದ್ದರೆ ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಮೂಲ ಸೆಟ್ಟಿಂಗಿನ ಪ್ರಕಾರ ಐದು ದಿನಗಳವರೆಗೆ, ನಡುವೆ ಯಾವ ಎಚ್ಚರಿಕೆಯನ್ನೂ ಕೊಡದೆ. ಐದು ದಿನ ಕಳೆದ ಮೇಲೆ ತಲುಪಲಿಲ್ಲವೆಂಬ ಸೂಚನೆಯನ್ನು ಕಳುಹಿಸಿದವರ ವಿಳಾಸಕ್ಕೆ ಮರಳಿಸುತ್ತದೆ. ಆ ವಿಳಾಸವೋ, ಯಾರೂ ಬದಲಿಸದಿದ್ದರೆ, ಅದೇ ಕಂಪ್ಯೂಟರಿನ ಒಳಗಿನ ಆಸ್ಟರಿಸ್ಕ್ ಎಂಬ ಬಳಕೆದಾರನದ್ದು. ಅಲ್ಲಿಗೆ ಬಂದ ಪತ್ರವನ್ನು ಓದುವವರು ಯಾರೂ ಇಲ್ಲ. ಆದ್ದರಿಂದ ಯಾವ ದಾರಿ ಹಿಡಿದರೂ ಮೊದಲು ಮಾಡಬೇಕಾದ ಕೆಲಸವೆಂದರೆ, ಕಳುಹಿಸುವವರ ವಿಳಾಸವಾಗಿ ಕಚೇರಿಯ ಡೊಮೈನಿನಲ್ಲಿ ನಿಜವಾಗಿ ಇರುವ, ಯಾರಾದರೊಬ್ಬರು ದಿನವೂ ತೆರೆಯುವ ವಿಳಾಸವೊಂದನ್ನು ಕೊಡುವುದು.

ಸರ್ವರಿನಿಂದ ನೇರವಾಗಿ ಕಳುಹಿಸುವುದು ಅತಿ ಸುಲಭವಾಗಿ ಕಾಣುವ ದಾರಿ, ಮತ್ತು ಸಣ್ಣ ಕಚೇರಿಗೆ ಅತಿ ಕೆಟ್ಟ ದಾರಿ. ಸಾಮಾನ್ಯ ಬ್ರಾಡ್‌ಬ್ಯಾಂಡ್ ಸಂಪರ್ಕದ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಅದರ ಗುರುತಿನ ಸಂಖ್ಯೆ, ಬದಲಾಗುತ್ತಿರುತ್ತದೆ, ಎಷ್ಟೋ ಸಲ ಒಂದೇ ಐಪಿಯನ್ನು ಅನೇಕ ಮನೆಗಳು ಹಂಚಿಕೊಂಡಿರುತ್ತವೆ, ಮೇಲ್ ಸರ್ವರುಗಳು ಪರಸ್ಪರ ಪತ್ರ ದಾಟಿಸುವ 25ನೆಯ ಪೋರ್ಟನ್ನು ಸೇವಾದಾತರು ಮುಚ್ಚಿರುವುದೂ ಉಂಟು. ಇಂಥ ವಿಳಾಸಗಳ ಗುಂಪುಗಳನ್ನೇ ಸ್ಪ್ಯಾಮ್‌ಹೌಸ್ ಸಂಸ್ಥೆ ಪಟ್ಟಿಮಾಡಿ ಪ್ರಕಟಿಸುವುದರಿಂದ, ಅಲ್ಲಿಂದ ನೇರವಾಗಿ ಬಂದ ಇಮೇಲನ್ನು ಅನೇಕ ಸರ್ವರುಗಳು ಬಾಗಿಲಲ್ಲೇ ತಿರಸ್ಕರಿಸುತ್ತವೆ. ಇದರ ಮೇಲೆ 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮಗಳನ್ನು ಬಿಗಿಗೊಳಿಸಿ, ಎಲ್ಲ ಕಳುಹಿಸುವವರಿಗೂ ಎಸ್‌ಪಿಎಫ್ (ಡೊಮೈನಿನ ಪರವಾಗಿ ಯಾವ ಸರ್ವರುಗಳು ಕಳುಹಿಸಬಹುದೆಂಬ ಪಟ್ಟಿ) ಅಥವಾ ಡಿಕಿಮ್ (ಇಮೇಲಿನ ಡಿಜಿಟಲ್ ಸಹಿ) ದೃಢೀಕರಣವನ್ನು ಕಡ್ಡಾಯ ಮಾಡಿದವು. ಸ್ಥಿರ ಐಪಿ, ಅದಕ್ಕೆ ಹೊಂದುವ ಹಿಮ್ಮುಖ ಡಿಎನ್‌ಎಸ್ ದಾಖಲೆ (ಐಪಿಯಿಂದ ಸರ್ವರಿನ ಹೆಸರನ್ನು ತಿಳಿಸುವ ಸಾಲು), ಡೊಮೈನಿನಲ್ಲಿ ಎಸ್‌ಪಿಎಫ್ ಸಾಲು ಇಷ್ಟನ್ನೂ ಹೊಂದಿಸಿಕೊಂಡು ನೇರವಾಗಿ ಕಳುಹಿಸಲು ಸಾಧ್ಯ, ಆದರೆ ದಿನಕ್ಕೆ ಹತ್ತಾರು ವಾಯ್ಸ್‌ಮೇಲಿಗಾಗಿ ಇಷ್ಟೆಲ್ಲ ಶ್ರಮ ಪಡುವುದಕ್ಕೆ ನನಗಂತೂ ಕಾರಣ ಕಾಣುವುದಿಲ್ಲ.

ಎರಡನೆಯ ದಾರಿ ಜಿಮೇಲ್ ಖಾತೆಯೊಂದರ ಮೂಲಕ ಕಳುಹಿಸುವುದು. ಇದಕ್ಕೆಂದೇ ಪ್ರತ್ಯೇಕ ಖಾತೆ ತೆರೆದು, ಎರಡು ಹಂತದ ಪರಿಶೀಲನೆಯನ್ನು ಸಕ್ರಿಯಗೊಳಿಸಿ, ಇಂಥ ಯಂತ್ರಗಳ ಲಾಗಿನ್ನಿಗೆಂದೇ ಗೂಗಲ್ ಕೊಡುವ 16 ಅಕ್ಷರಗಳ ಆಪ್ ಪಾಸ್‌ವರ್ಡ್ ಪಡೆದು, ಅದನ್ನು ಪೋಸ್ಟ್‌ಫಿಕ್ಸ್‌ನಲ್ಲೋ ಯುಸಿಎಂ ಪೆಟ್ಟಿಗೆಯಲ್ಲೋ ನಮೂದಿಸಿ, 587ನೆಯ ಪೋರ್ಟ್ ಬಳಸಿದರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ದಿನಕ್ಕೆ 500 ಇಮೇಲುಗಳ ಮಿತಿ ಸಣ್ಣ ಕಚೇರಿಗೆ ಧಾರಾಳವಾಯಿತು. ಮಾಮೂಲಿ ಪಾಸ್‌ವರ್ಡ್ ಕೊಟ್ಟು ಕಳುಹಿಸುವ ಹಳೆಯ ಅನುಕೂಲವನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸಿರುವುದರಿಂದ, ಅದಕ್ಕೂ ಹಿಂದಿನ ಕೈಪಿಡಿಗಳನ್ನು ನೋಡಿ ಮಾಡಿದರೆ ಲಾಗಿನ್ ಆಗುವುದಿಲ್ಲ. ಈ ದಾರಿಯ ಮುಖ್ಯ ಅಪಾಯ ಬೇರೆಯೇ ಇದೆ: ಖಾತೆಯ ಮೂಲ ಪಾಸ್‌ವರ್ಡನ್ನು ಯಾರಾದರೂ ಬದಲಿಸಿದ ಕೂಡಲೇ ಆಪ್ ಪಾಸ್‌ವರ್ಡುಗಳೆಲ್ಲ ತಾವಾಗಿ ರದ್ದಾಗುತ್ತವೆ. ಕೆಲಸ ಬಿಟ್ಟುಹೋದ ಸಿಬ್ಬಂದಿಗೆ ತಿಳಿದಿತ್ತೆಂದು ಮಾಲೀಕರು ಜಾಗರೂಕತೆಯಿಂದಲೇ ಪಾಸ್‌ವರ್ಡ್ ಬದಲಿಸುತ್ತಾರೆ, ವಾಯ್ಸ್‌ಮೇಲ್ ಆ ದಿನವೇ ನಿಲ್ಲುತ್ತದೆ, ಎರಡಕ್ಕೂ ಸಂಬಂಧವಿದೆಯೆಂದು ಯಾರಿಗೂ ಹೊಳೆಯುವುದಿಲ್ಲ. ಆದಕಾರಣ ಈ ಖಾತೆಯನ್ನು ಬೇರಾವ ಕೆಲಸಕ್ಕೂ ಬಳಸದೆ, ವಾಯ್ಸ್‌ಮೇಲಿಗಷ್ಟೇ ಮೀಸಲಿಡಬೇಕು. ಕಳುಹಿಸುವವರ ವಿಳಾಸವೆಂದು ನಾವು ಬೇರೇನೇ ಬರೆದರೂ ಜಿಮೇಲ್ ಸಾಮಾನ್ಯವಾಗಿ ಅದನ್ನು ಲಾಗಿನ್ ಆದ ಖಾತೆಯ ವಿಳಾಸಕ್ಕೆ ಬದಲಿಸುತ್ತದೆ. ತಲುಪದ ಪತ್ರಗಳ ಸೂಚನೆಯೂ ಅಲ್ಲಿಗೇ ಬರುವುದರಿಂದ, ಆ ಖಾತೆಯ ಪತ್ರಗಳು ಯಾರಾದರೊಬ್ಬರ ನಿತ್ಯದ ಇನ್‌ಬಾಕ್ಸಿಗೆ ಫಾರ್ವರ್ಡ್ ಆಗುವಂತಿರಲಿ.

ಕಚೇರಿಯ ಡೊಮೈನ್ ಗೂಗಲ್ ವರ್ಕ್‌ಸ್ಪೇಸಿನಲ್ಲಿದ್ದರೆ ಇದಕ್ಕಿಂತ ಒಳ್ಳೆಯ ಅನುಕೂಲವಿದೆ. ನಮ್ಮ ಇಮೇಲನ್ನು ಪಡೆದು ಮುಂದಕ್ಕೆ ದಾಟಿಸುವ ಗೂಗಲ್ಲಿನ ಎಸ್‌ಎಂಟಿಪಿ ರಿಲೇ ಸೇವೆಯು ಪಾಸ್‌ವರ್ಡ್ ಇಲ್ಲದೆ, ಕಚೇರಿಯ ಸ್ಥಿರ ಐಪಿ ವಿಳಾಸವನ್ನೇ ಗುರುತಾಗಿ ಒಪ್ಪಿಕೊಳ್ಳುತ್ತದೆ. ಹೀಗಾಗಿ ಪಾಸ್‌ವರ್ಡ್ ಬದಲಾವಣೆಯಿಂದ ನಿಂತುಹೋಗುವ ಭಯವಿಲ್ಲ. ಆದರೆ ಇಂಟರ್ನೆಟ್ ಸೇವಾದಾತರನ್ನು ಬದಲಿಸಿದ ದಿನ ಐಪಿಯೂ ಬದಲಾಗುತ್ತದೆ ಎಂಬುದನ್ನು ಎಲ್ಲಾದರೂ ಬರೆದಿಟ್ಟುಕೊಂಡಿರಬೇಕು.

ಮೈಕ್ರೋಸಾಫ್ಟ್ 365 ಬಳಸುವ ಕಚೇರಿಗಳ ಪರಿಸ್ಥಿತಿ ಸ್ವಲ್ಪ ಗೊಂದಲದ್ದು. ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಕೊಟ್ಟು ಇಮೇಲ್ ಕಳುಹಿಸುವ ಹಳೆಯ ವಿಧಾನವನ್ನು ಹಿಂತೆಗೆದುಕೊಳ್ಳುವುದಾಗಿ ಕಂಪನಿ ಘೋಷಿಸಿದೆ, ಗಡುವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿಯೂ ಇದೆ. ಬೇರೆ ದಾರಿಯಿರುವಾಗ ಹೋಗಲಿರುವ ವಿಧಾನದ ಮೇಲೆ ಹೊಸ ವ್ಯವಸ್ಥೆಯನ್ನು ಕಟ್ಟುವುದರಲ್ಲಿ ಅರ್ಥವಿಲ್ಲ. ಸ್ಥಿರ ಐಪಿ ಇದ್ದರೆ ಕನೆಕ್ಟರ್ ಎಂಬ ಏರ್ಪಾಟಿನ ಮೂಲಕ ಪಾಸ್‌ವರ್ಡ್ ಇಲ್ಲದೆ ಕಳುಹಿಸಬಹುದು. ವಾಯ್ಸ್‌ಮೇಲ್‌ಗಳೆಲ್ಲ ಕಚೇರಿಯ ಸ್ವಂತ ಡೊಮೈನಿನ ವಿಳಾಸಗಳಿಗೇ ಹೋಗುವುದಾದರೆ ಲಾಗಿನ್ನೇ ಬೇಡದ ಡೈರೆಕ್ಟ್ ಸೆಂಡ್ ಎಂಬ ವಿಧಾನವೂ ಇದೆ, ಆದರೆ ವಂಚಕರು ಅದನ್ನು ದುರುಪಯೋಗ ಮಾಡಿದ್ದರಿಂದ 2025ರಲ್ಲಿ ಅದನ್ನು ತಡೆಯುವ ಸೆಟ್ಟಿಂಗನ್ನು ಮೈಕ್ರೋಸಾಫ್ಟ್ ತಂದಿತು. ನಿಮ್ಮ ಐಟಿ ಸಲಹೆಗಾರರು ಅದನ್ನು ಸಕ್ರಿಯಗೊಳಿಸಿದ ದಿನ ನಿಮ್ಮ ವಾಯ್ಸ್‌ಮೇಲೂ ತಡೆಗೊಳಗಾಗಬಹುದು.

ನನ್ನ ಒಲವು ಇರುವುದು ಕೊನೆಯ ದಾರಿಯ ಕಡೆಗೆ, ಅಂದರೆ ಯಂತ್ರಗಳು ಕಳುಹಿಸುವ ಇಮೇಲಿಗಾಗಿಯೇ ಇರುವ ಸೇವೆಗಳ ಕಡೆಗೆ. ಅಮೆಜಾನಿನ ಎಸ್‌ಇಎಸ್ ಅವುಗಳಲ್ಲೊಂದು. ಮುಂಬಯಿ ಕೇಂದ್ರದಿಂದಲೂ ದೊರೆಯುತ್ತದೆ, ಸಾವಿರ ಇಮೇಲಿಗೆ ಹತ್ತು ಅಮೆರಿಕನ್ ಸೆಂಟ್ ಮತ್ತು ಲಗತ್ತಿನ ಗಾತ್ರಕ್ಕೆ ತಕ್ಕ ಚಿಲ್ಲರೆ ಹಣ ಇದರ ದರ. ಹೊಸ ಖಾತೆಗೆ ದಿನಕ್ಕೆ 200 ಇಮೇಲ್ ಮತ್ತು ದೃಢೀಕರಿಸಿದ ವಿಳಾಸಗಳಿಗೆ ಮಾತ್ರ ಎಂಬ ನಿರ್ಬಂಧವಿರುತ್ತದೆ. ಬೇರೆಯವರಿಗೆ ತೊಡಕಾಗುವ ಈ ನಿರ್ಬಂಧ ನಮಗೆ ಅಡ್ಡಿಯಾಗುವುದಿಲ್ಲ, ಏಕೆಂದರೆ ಕಚೇರಿಯ ಡೊಮೈನನ್ನು ಒಮ್ಮೆ ದೃಢೀಕರಿಸಿದರೆ ಆ ಡೊಮೈನಿನ ಎಲ್ಲ ವಿಳಾಸಗಳಿಗೂ ಕಳುಹಿಸಬಹುದು, ವಾಯ್ಸ್‌ಮೇಲ್ ಹೋಗಬೇಕಾಗಿರುವುದೂ ಅಲ್ಲಿಗೇ. ವ್ಯಕ್ತಿಯೊಬ್ಬರ ಪಾಸ್‌ವರ್ಡಿಗೆ ಇದರ ಗುರುತು ಅಂಟಿಕೊಂಡಿಲ್ಲ, ಐಪಿ ಬದಲಾದರೂ ಕೆಲಸ ನಿಲ್ಲುವುದಿಲ್ಲ, ತಲುಪದ ಪತ್ರಗಳ ಸೂಚನೆ ನಾವು ಹೇಳಿದ ವಿಳಾಸಕ್ಕೆ ಬರುತ್ತದೆ. ಡಿಎನ್‌ಎಸ್‌ನಲ್ಲಿ ಕೆಲವು ಸಾಲುಗಳನ್ನು ಸೇರಿಸುವ ಮೊದಲ ದಿನದ ಕೆಲಸವೊಂದೇ ಇದರ ಕಷ್ಟ.

ಫ್ರೀಪಿಬಿಎಕ್ಸ್ ಬಳಸುವವರು ಗಮನಿಸಬೇಕಾದ ಒಂದು ವಿಷಯವಿದೆ. ಹೊರಗಿನ ಮೇಲ್ ಸರ್ವರನ್ನು ಬ್ರೌಸರ್ ಪುಟದಲ್ಲೇ ನಮೂದಿಸುವ ಅನುಕೂಲ ಹಣ ಕೊಟ್ಟು ಕೊಳ್ಳುವ ಸಿಸ್ಟಮ್ ಅಡ್ಮಿನ್ ಪ್ರೊ ಮಾಡ್ಯೂಲಿನಲ್ಲಿದೆ. ಅದಿಲ್ಲದವರು ಪೋಸ್ಟ್‌ಫಿಕ್ಸ್‌ನ ಮುಖ್ಯ ಸಂರಚನಾ ಕಡತದಲ್ಲಿ ಆ ಸರ್ವರನ್ನು ಸೂಚಿಸುವ ರಿಲೇಹೋಸ್ಟ್ ಸಾಲನ್ನು ಕೈಯಾರೆ ಬರೆಯಬೇಕು, ಸರ್ವರಿನ ಹೆಸರನ್ನು ಚೌಕಾವರಣದೊಳಗೆ ಇಡಬೇಕು, ಲಾಗಿನ್ ವಿವರಗಳ ಕಡತವನ್ನು ಬೇರೆಯವರು ಓದಲಾಗದಂತೆ ಭದ್ರಪಡಿಸಬೇಕು.

ಲಗತ್ತು, ಅಳಿಸುವಿಕೆ, ಕಡತದ ಬಗೆ

ಪ್ರತಿ ಎಕ್ಸ್‌ಟೆನ್ಷನ್ನಿನ ಸೆಟ್ಟಿಂಗಿನಲ್ಲಿ ಎರಡು ಪ್ರಶ್ನೆಗಳಿರುತ್ತವೆ: ಧ್ವನಿ ಕಡತವನ್ನು ಇಮೇಲಿಗೆ ಲಗತ್ತಿಸಬೇಕೇ, ಕಳುಹಿಸಿದ ಮೇಲೆ ಸರ್ವರಿನಿಂದ ಅಳಿಸಬೇಕೇ. ಮೊದಲನೆಯದಕ್ಕೆ ಹೌದು ಎಂಬುದೇ ಸಾಮಾನ್ಯ ಉತ್ತರ. ಎರಡನೆಯದಕ್ಕೆ ಹೌದು ಎನ್ನುವ ಆಸೆ ಸಹಜವಾದದ್ದು, ಏಕೆಂದರೆ ಆಗ ಫೋನಿನ ಮೇಲೆ ಸದಾ ಮಿನುಗುವ ಕೆಂಪು ದೀಪ ಇರುವುದಿಲ್ಲ, ಒಂದೇ ಸಂದೇಶವನ್ನು ಎರಡು ಕಡೆ ಅಳಿಸುವ ಕೆಲಸವೂ ಇರುವುದಿಲ್ಲ. ಆದರೆ ಮೇಲೆ ಹೇಳಿದ್ದನ್ನು ಇಲ್ಲಿ ನೆನೆಯಬೇಕು: ಆಸ್ಟರಿಸ್ಕ್‌ಗೆ ಕಳುಹಿಸಿದ್ದು ಎಂದರೆ ಪೋಸ್ಟ್‌ಫಿಕ್ಸ್‌ನ ಕೈಗೆ ಕೊಟ್ಟದ್ದು ಎಂದಷ್ಟೇ ಅರ್ಥ, ಓದುವವರಿಗೆ ತಲುಪಿದ್ದು ಎಂದಲ್ಲ. ಅಳಿಸುವ ಆಯ್ಕೆ ಸಕ್ರಿಯವಾಗಿದ್ದು, ಇಮೇಲಿನ ದಾರಿ ಮುಚ್ಚಿಹೋಗಿದ್ದರೆ, ಐದು ದಿನಗಳ ನಂತರ ಆ ಸಂದೇಶ ಲೋಕದಲ್ಲೆಲ್ಲೂ ಉಳಿದಿರುವುದಿಲ್ಲ.

ಅಳಿಸದೆ ಇಟ್ಟುಕೊಳ್ಳುವುದರಲ್ಲೂ ಒಂದು ತೊಡಕಿದೆ. ಆಸ್ಟರಿಸ್ಕ್‌ನ ಮೂಲ ಮಿತಿಯಂತೆ ಒಂದು ಫೋಲ್ಡರಿನಲ್ಲಿ 100 ಸಂದೇಶಗಳು ತುಂಬಿದ ಮೇಲೆ ಹೊಸ ಕರೆಗಾರರಿಗೆ ಪೆಟ್ಟಿಗೆ ತುಂಬಿದೆ ಎಂಬ ಉತ್ತರ ಬರುತ್ತದೆ, ಎಲ್ಲವನ್ನೂ ಇಮೇಲಿನಲ್ಲೇ ಕೇಳಿ ಮುಗಿಸುವ ಸಿಬ್ಬಂದಿಗೆ ಇದು ತಿಳಿಯುವುದೇ ಇಲ್ಲ. ಮಿತಿಯನ್ನು 9999ರವರೆಗೆ ಏರಿಸಬಹುದು. ಹಳೆಯ ಸಂದೇಶಗಳನ್ನು ಕಾಲಕಾಲಕ್ಕೆ ತೆಗೆಯುವ ಸ್ಕ್ರಿಪ್ಟೊಂದು ಆಸ್ಟರಿಸ್ಕ್‌ನ ಮೂಲ ಸಂಕೇತದ ಜೊತೆಗೇ ಬರುತ್ತದೆ. ಸಂದೇಶಗಳನ್ನು ಎರಡು ಮೂರು ತಿಂಗಳು ಸರ್ವರಿನಲ್ಲಿ ಉಳಿಸಿ, ಆಮೇಲೆ ತಾನಾಗಿ ಹೋಗುವಂತೆ ಮಾಡುವುದು ನನಗೆ ಸರಿಯಾಗಿ ಕಾಣುವ ನಡುದಾರಿ. ಯುಸಿಎಂ ಪೆಟ್ಟಿಗೆಯಲ್ಲಿ ಇಮೇಲ್ ಮಾಡಿದ ನಂತರವೂ ವಾಯ್ಸ್‌ಮೇಲನ್ನು ಉಳಿಸಿಕೊಳ್ಳುವ ಆಯ್ಕೆ ಪ್ರತ್ಯೇಕವಾಗಿಯೇ ಇದೆ.

ಕಡತದ ಬಗೆಯ ಬಗ್ಗೆ ಹಳೆಯ ಸಲಹೆಯೊಂದು ಇನ್ನೂ ಚಾಲ್ತಿಯಲ್ಲಿದೆ: ವೇವ್49 ಎಂಬ ಕುಗ್ಗಿಸಿದ ಬಗೆಯನ್ನು ಬಳಸಿ, ಗಾತ್ರ ಕಡಿಮೆ. ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ವೇವ್ ಕಡತ ಸೆಕೆಂಡಿಗೆ 16,000 ಬೈಟ್, ಅಂದರೆ ನಿಮಿಷಕ್ಕೆ 9.6 ಲಕ್ಷ ಬೈಟ್ ತಿನ್ನುತ್ತದೆ. ವೇವ್49 ಇದರ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಮೂರು ನಿಮಿಷದ ವೇವ್ ಸಂದೇಶವು ಇಮೇಲಿಗೆ ಲಗತ್ತಾಗುವಾಗ ಮೂರನೆಯ ಒಂದರಷ್ಟು ಹಿಗ್ಗಿದರೂ ನಾಲ್ಕು ಎಂಬಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಜಿಮೇಲಿನ ಮಿತಿಯೋ 25 ಎಂಬಿ. ವೇವ್49ರ ಒಳಗಿರುವ ಜಿಎಸ್‌ಎಂ ಸಂಕೋಚನವನ್ನು ಮೊಬೈಲಿನ ಕೆಲವು ಪ್ಲೇಯರುಗಳು ತೆರೆಯುವುದಿಲ್ಲ, ಧ್ವನಿಯೂ ಸ್ವಲ್ಪ ಕೆಡುತ್ತದೆ. ಇಮೇಲನ್ನು ಮೊಬೈಲಿನಲ್ಲೇ ಕೇಳುವ ಈ ಕಾಲದಲ್ಲಿ ಸಾಮಾನ್ಯ ವೇವ್ ಕಡತವನ್ನೇ ಆರಿಸಿಕೊಳ್ಳಿ. ಆಸ್ಟರಿಸ್ಕ್‌ನ ಸೆಟ್ಟಿಂಗಿನಲ್ಲಿ ಹಲವು ಬಗೆಗಳನ್ನು ಸಾಲಾಗಿ ಬರೆದಿದ್ದರೆ ಮೊದಲು ಬರೆದದ್ದೇ ಲಗತ್ತಾಗುತ್ತದೆ.

ನಮ್ಮ ಲ್ಯಾಂಡ್‌ಲೈನಿನ ತೊಡಕುಗಳು

ಎಸ್‌ಐಪಿ ಟ್ರಂಕ್, ಅಂದರೆ ನೆಟ್‌ವರ್ಕಿನ ಮೂಲಕ ಬರುವ ಫೋನ್ ಲೈನ್, ಬಳಸುವವರು ಈ ಭಾಗವನ್ನು ಬಿಟ್ಟು ಮುಂದೆ ಹೋಗಬಹುದು. ತಾಮ್ರದ ತಂತಿಯ ಲ್ಯಾಂಡ್‌ಲೈನನ್ನು, ಅಥವಾ ಫೈಬರ್ ಪೆಟ್ಟಿಗೆಯ ಫೋನ್ ಪೋರ್ಟಿನಿಂದ ಬಂದ ಲೈನನ್ನು ಜೋಡಿಸಿಕೊಂಡವರಿಗೆ ಎರಡು ಕಿರಿಕಿರಿಗಳು ಎದುರಾಗುತ್ತವೆ. ಕರೆ ಮಾಡಿದವರು ಫೋನ್ ಇಟ್ಟದ್ದು ನಮ್ಮ ಪೆಟ್ಟಿಗೆಗೆ ತಿಳಿಯದೆ, ಆಮೇಲೆ ಬರುವ ಬಿಜಿ ಟೋನನ್ನೇ ಅದು ನಿಮಿಷಗಟ್ಟಲೆ ಮುದ್ರಿಸಿಕೊಂಡು ಕಳುಹಿಸುತ್ತದೆ. ಮೌನ ಕಂಡರೆ ಮುದ್ರಣ ನಿಲ್ಲಿಸುವ ಸೆಟ್ಟಿಂಗ್ ಇದಕ್ಕೆ ಪ್ರಯೋಜನವಿಲ್ಲ, ಏಕೆಂದರೆ ಬಿಜಿ ಟೋನ್ ಮೌನವಲ್ಲ. ಭಾರತದ ಬಿಜಿ ಟೋನ್ 400 ಹರ್ಟ್ಸ್‌ನದ್ದು, 750 ಮಿಲಿಸೆಕೆಂಡ್ ಸದ್ದು ಮತ್ತು ಅಷ್ಟೇ ಬಿಡುವು ಎಂಬ ಲಯದ್ದು. ಬಿಜಿ ಟೋನ್ ಪತ್ತೆಯನ್ನು ಸಕ್ರಿಯಗೊಳಿಸಿ ಈ ಅಂಕಿಗಳನ್ನು ಕೊಟ್ಟರೆ ಲೈನ್ ಸಮಯಕ್ಕೆ ಬಿಡುಗಡೆಯಾಗುತ್ತದೆ. ಯುಸಿಎಂನಲ್ಲಿ ಲೈನಿನ ಟೋನನ್ನು ತಾನೇ ಅಳೆದುಕೊಳ್ಳುವ ಪಿಎಸ್‌ಟಿಎನ್ ಡಿಟೆಕ್ಷನ್ ಸೌಲಭ್ಯವಿದೆ.

ಇನ್ನೊಂದು ಕಿರಿಕಿರಿ ಕರೆ ಮಾಡಿದವರ ಸಂಖ್ಯೆಯದ್ದು. ಇಮೇಲಿನ ವಿಷಯದ ಸಾಲಿನಲ್ಲಿ ಸಂಖ್ಯೆ ಕಾಣದೆ ಅಪರಿಚಿತ ಎಂದು ಬಂದರೆ ಆ ಇಮೇಲಿನ ಅರ್ಧ ಉಪಯೋಗ ಹೋದಂತೆ. ನಮ್ಮ ಅನೇಕ ಲ್ಯಾಂಡ್‌ಲೈನುಗಳಲ್ಲಿ ಸಂಖ್ಯೆಯು ಅಮೆರಿಕದ ಪದ್ಧತಿಯಲ್ಲಿ ಬಾರದೆ ಡಿಟಿಎಂಎಫ್ ಸ್ವರಗಳ (ಫೋನಿನ ಗುಂಡಿ ಒತ್ತಿದಾಗ ಕೇಳುವಂಥ ಸ್ವರಗಳ) ರೂಪದಲ್ಲಿ ಬರುತ್ತದೆ. ಅಮೆರಿಕದ ಪದ್ಧತಿಗೆ ಹೊಂದಿಸಿದ ಕಾರ್ಡ್ ಇದನ್ನು ಗುರುತಿಸುವುದಿಲ್ಲ. ಆಸ್ಟರಿಸ್ಕ್‌ನ ಅನಲಾಗ್ ಕಾರ್ಡುಗಳ ಸೆಟ್ಟಿಂಗಿನಲ್ಲಿ ಭಾರತಕ್ಕೆಂದೇ ಪ್ರತ್ಯೇಕ ಆಯ್ಕೆ ಇರುವುದು ಇದೇ ಕಾರಣಕ್ಕೆ. ಲೈನಿನಲ್ಲಿ ಕಾಲರ್ ಐಡಿ ಸೇವೆ ಇದೆಯೇ ಎಂಬುದನ್ನು ಮಾಮೂಲಿ ಕಾಲರ್ ಐಡಿ ಫೋನೊಂದನ್ನು ಜೋಡಿಸಿ ಮೊದಲು ಖಚಿತಪಡಿಸಿಕೊಳ್ಳಿ.

ಬೀಪ್ ಕೇಳಿದ ಕೂಡಲೇ ಫೋನ್ ಇಡುವವರಿಂದ ಬರುವ ಖಾಲಿ ಸಂದೇಶಗಳು ಇಲ್ಲಿ ಹೆಚ್ಚು. ಕನಿಷ್ಠ ಅವಧಿಯನ್ನು ಮೂರು ಸೆಕೆಂಡಿಗೆ ಇಟ್ಟರೆ ಅವುಗಳಲ್ಲಿ ಬಹುಪಾಲು ಇಮೇಲಿಗೆ ಬರುವುದಿಲ್ಲ.

ಭಾಷೆ, ಸಮಯ, ಗೋಪ್ಯತೆ

ಆಸ್ಟರಿಸ್ಕ್‌ನ ಜೊತೆಗೆ ಬರುವ ಇಂಗ್ಲಿಷ್ ಸ್ವಾಗತದ ಬದಲು ಕಚೇರಿಯವರೇ ಕನ್ನಡದಲ್ಲಿ, ಬೇಕಾದರೆ ಹಿಂದೆಯೇ ಇಂಗ್ಲಿಷಿನಲ್ಲಿ, ಹದಿನೈದು ಸೆಕೆಂಡಿನ ಸ್ವಾಗತವನ್ನು ಮುದ್ರಿಸಿದರೆ ಸಂದೇಶ ಬಿಡುವವರ ಹಿಂಜರಿಕೆ ಕಡಿಮೆಯಾಗುತ್ತದೆ. ‘ಹೆಸರು, ಊರು, ಕೆಲಸ ಹೇಳಿ, ನಾಳೆ ಬೆಳಗ್ಗೆ ಕರೆಯುತ್ತೇವೆ’ ಎಂದು ಸ್ಪಷ್ಟವಾಗಿ ಹೇಳುವುದು ಮುಖ್ಯ. ಇಮೇಲಿನ ವಿಷಯ ಮತ್ತು ಒಕ್ಕಣೆಯನ್ನೂ ಕನ್ನಡದಲ್ಲಿ ಬರೆಯಬಹುದು. ಅಕ್ಷರ ಸಂಕೇತವನ್ನು ಯುಟಿಎಫ್-8 ಎಂದು ನಮೂದಿಸದಿದ್ದರೆ ಮಾತ್ರ ಅಕ್ಷರಗಳ ಬದಲು ಕಸ ಕಾಣಿಸುತ್ತದೆ. ಸರ್ವರಿನ ಕಾಲವಲಯವನ್ನು ಏಷ್ಯಾ/ಕೋಲ್ಕತ್ತಾ ಎಂದು ಇಡದೆ ಜಾಗತಿಕ ಸಮಯದಲ್ಲೇ (ಯುಟಿಸಿ) ಬಿಟ್ಟರೆ ರಾತ್ರಿ ಒಂಬತ್ತರ ಕರೆ ಮಧ್ಯಾಹ್ನ ಮೂರೂವರೆಯದೆಂದು ಇಮೇಲಿನಲ್ಲಿ ಬರುತ್ತದೆ.

ಮಾತನ್ನು ಬರಹಕ್ಕಿಳಿಸಿ ಇಮೇಲಿಗೆ ಸೇರಿಸುವ ಸೌಲಭ್ಯ ಕನ್ನಡಕ್ಕೂ ಬಂದಿದೆ. ಗೂಗಲ್ ಕ್ಲೌಡಿನ ಸೇವೆ ಮತ್ತು 2022ರಲ್ಲಿ ಬಿಡುಗಡೆಯಾದ ವಿಸ್ಪರ್ ತಂತ್ರಾಂಶ ಎರಡೂ ಕನ್ನಡವನ್ನು ಗುರುತಿಸುತ್ತವೆ. ಆದರೆ ಫೋನಿನ ಧ್ವನಿ ಸೆಕೆಂಡಿಗೆ 8,000 ಮಾದರಿಗಳಷ್ಟೇ ಇರುವ ಕಿರಿದಾದ ಧ್ವನಿ, ಕರೆ ಮಾಡುವವರು ಕನ್ನಡದ ನಡುವೆ ಇಂಗ್ಲಿಷ್ ಬೆರೆಸುತ್ತಾರೆ, ಹೆಸರು ಮತ್ತು ಮೊತ್ತಗಳೇ ಮೊದಲು ತಪ್ಪುತ್ತವೆ. ಯಾವ ಸಂದೇಶವನ್ನು ಮೊದಲು ಕೇಳಬೇಕೆಂದು ತಿಳಿಯಲು ಮಾತ್ರ ಇದನ್ನು ನಂಬಬಹುದು.

ಗ್ರಾಹಕರು ತಮ್ಮ ಆದಾಯದ ವಿವರ, ಮೊಕದ್ದಮೆಯ ಸಂಗತಿ, ಕಾಯಿಲೆಯ ವಿಷಯಗಳನ್ನು ಸಂದೇಶದಲ್ಲಿ ಹೇಳಿರುತ್ತಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಗಮನದಲ್ಲಿಟ್ಟುಕೊಂಡು, ಅಂಥ ಕಡತಗಳು ಸಿಬ್ಬಂದಿಯ ಖಾಸಗಿ ಇಮೇಲಿಗೆ ಹೋಗದೆ ಕಚೇರಿಯ ವಿಳಾಸಕ್ಕಷ್ಟೇ ಹೋಗುವಂತಿರಬೇಕು. ವಾಯ್ಸ್‌ಮೇಲ್ ಪಿನ್ ಎಕ್ಸ್‌ಟೆನ್ಷನ್ ಸಂಖ್ಯೆಯೇ ಆಗಿರುವುದು ಅಲ್ಲಲ್ಲಿ ಕಾಣುವ ಅಜಾಗರೂಕತೆ, ಅದನ್ನೂ ಬದಲಿಸಿ.

ಯಾರಿಗೆ ಯಾವುದು

ಲಿನಕ್ಸ್ ಬಲ್ಲವರಿರುವ ಕಚೇರಿಗೆ ಫ್ರೀಪಿಬಿಎಕ್ಸ್ ಮತ್ತು ಎಸ್‌ಇಎಸ್ ಮಾದರಿಯ ಸೇವೆಯ ಜೋಡಿ ಎಲ್ಲಕ್ಕಿಂತ ಅಗ್ಗವಾದದ್ದು ಮತ್ತು ಗಟ್ಟಿಯಾದದ್ದು. ಅಂಥವರಿಲ್ಲದ, ಆದರೆ ಹಳೆಯ ಲ್ಯಾಂಡ್‌ಲೈನ್ ಸಂಖ್ಯೆಯನ್ನು ಬಿಡಲಾಗದ ಕಚೇರಿಗೆ ಯುಸಿಎಂನಂಥ ಪೆಟ್ಟಿಗೆ ಸಾಕು. ಇಮೇಲಿಗೆ ವರ್ಕ್‌ಸ್ಪೇಸ್ ಇದ್ದರೆ ಅದರ ರಿಲೇ, ಇಲ್ಲದಿದ್ದರೆ ಮೀಸಲು ಜಿಮೇಲ್ ಖಾತೆ. ಸಿಬ್ಬಂದಿ ಒಂದೇ ಕಡೆ ಕೂರದೆ ಮೂರು ಊರುಗಳಲ್ಲಿ ಹರಡಿದ್ದರೆ ಕ್ಲೌಡ್ ಸೇವೆಯ ಬಾಡಿಗೆ ಕೊಡುವುದೇ ಲೇಸು. ಅನಲಾಗ್ ಇಪಿಎಬಿಎಕ್ಸ್ ಚೆನ್ನಾಗಿ ನಡೆಯುತ್ತಿರುವವರು ಅದರ ಪಕ್ಕದಲ್ಲಿ ಸಣ್ಣ ಐಪಿ ಪೆಟ್ಟಿಗೆಯೊಂದನ್ನು ಇಟ್ಟು ಒಂದು ಸಾಮಾನ್ಯ ವಾಯ್ಸ್‌ಮೇಲಿನಿಂದ ಆರಂಭಿಸಿ, ಅದು ನಿಜಕ್ಕೂ ಬಳಕೆಯಾಗುತ್ತದೆಯೇ ಎಂದು ಕೆಲವು ತಿಂಗಳು ನೋಡಿ ಮುಂದಿನದನ್ನು ನಿರ್ಧರಿಸಬಹುದು.

ಯಾವುದನ್ನೇ ಆರಿಸಿದರೂ, ಅಳವಡಿಸಿದವರು ಹೊರಡುವ ಮೊದಲು ಹೊರಗಿನ ಮೊಬೈಲಿನಿಂದ ಕರೆ ಮಾಡಿ ಸಂದೇಶ ಬಿಟ್ಟು, ಅದು ಸ್ಪ್ಯಾಮಿಗೆ ಹೋಗದೆ ಇನ್‌ಬಾಕ್ಸಿಗೇ ಬಂದಿದೆಯೇ, ಸಂಖ್ಯೆ ಮತ್ತು ಸಮಯ ಸರಿಯಿದೆಯೇ, ಜಿಮೇಲಿನಲ್ಲಿ ಮೂಲ ಸಂದೇಶವನ್ನು ತೆರೆದರೆ ಎಸ್‌ಪಿಎಫ್ ಮತ್ತು ಡಿಕಿಮ್ ಎರಡರ ಮುಂದೂ ಪಾಸ್ ಎಂದಿದೆಯೇ ಎಂಬುದನ್ನು ನೋಡಿಕೊಳ್ಳಿ. ಆಮೇಲೆ ಪ್ರತಿ ಸೋಮವಾರ ಬೆಳಗ್ಗೆ ಕಚೇರಿ ತೆರೆಯುವವರು ತಮ್ಮ ಮೊಬೈಲಿನಿಂದ ಇಂಥದೇ ಒಂದು ಪರೀಕ್ಷಾ ಸಂದೇಶವನ್ನು ಬಿಡಲಿ; ಹತ್ತು ನಿಮಿಷದಲ್ಲಿ ಇಮೇಲ್ ಬಾರದಿದ್ದರೆ ಮೇಲ್ ಸರದಿಯನ್ನೋ ಪೆಟ್ಟಿಗೆಯ ಇಮೇಲ್ ದಾಖಲೆಯನ್ನೋ ತೆರೆದು ನೋಡಲಿ. ಪೋಸ್ಟ್‌ಫಿಕ್ಸ್‌ನ ಐದು ದಿನಗಳ ಗಡುವಿನೊಳಗೆ ದೋಷವನ್ನು ಸರಿಪಡಿಸಿದರೆ ಸರದಿಯಲ್ಲಿ ಕಾಯುತ್ತಿರುವ ಸಂದೇಶಗಳು ತಾವಾಗಿಯೇ ಹೊರಟು ತಲುಪುತ್ತವೆ.